ಏಕಪರಮಾಣು ವೇಗವರ್ಧಕಗಳ ಚಿತ್ರಣ ಮತ್ತು ಎಲೆಕ್ಟ್ರಾನ್ ಪುಂಜದ ಹಾನಿ

ಪ್ಲಾಟಿನಂ, ಪೆಲಾಡಿಯಂ, ಕಬ್ಬಿಣದಂಥ ಲೋಹಗಳ ಪರಮಾಣುಗಳು ಗುಂಪುಗೂಡದೆ ಒಂದೊಂದೂ ಒಂಟಿಯಾಗಿ ಆಕ್ಸೈಡ್ ಅಥವಾ ಇಂಗಾಲದ ಆಧಾರದ ಮೇಲೆ ನೆಲೆನಿಂತು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿದರೆ ಆ ವಸ್ತುವಿಗೆ ಏಕಪರಮಾಣು ವೇಗವರ್ಧಕ ಎಂದು ಹೆಸರು. ಪರಮಾಣುಗಳು ನಿಜಕ್ಕೂ ಒಂಟಿಯಾಗಿವೆ ಎಂದು ಕಣ್ಣಾರೆ ತೋರಿಸಲು ಇರುವ ಮುಖ್ಯ ಸಾಧನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಆದರೆ ನೋಡಲೆಂದು ಹರಿಸಿದ ಎಲೆಕ್ಟ್ರಾನುಗಳೇ ಆ ಪರಮಾಣುಗಳನ್ನು ಜಾಗದಿಂದ ಕದಲಿಸುತ್ತವೆ. ಒಂದರ ಪಕ್ಕಕ್ಕೆ ಇನ್ನೊಂದನ್ನು ತಂದು ಕೂಡಿಸುತ್ತವೆ, ಕೆಲವೊಮ್ಮೆ ಕೆಳಗಿನ ಆಧಾರವನ್ನೇ ತಿಂದುಹಾಕುತ್ತವೆ. ಹೀಗಾಗಿ ಪರದೆಯ ಮೇಲೆ ಮೂಡಿದ್ದು ಪ್ರಯೋಗಾಲಯದಲ್ಲಿ ತಯಾರಾದ ವೇಗವರ್ಧಕವೋ, ಸೂಕ್ಷ್ಮದರ್ಶಕದೊಳಗೆ ಹುಟ್ಟಿದ ಬೇರೆ ವಸ್ತುವೋ ಎಂಬ ಸಂಶಯ ಈ ಕ್ಷೇತ್ರವನ್ನು ಮೊದಲಿನಿಂದಲೂ ಬಿಟ್ಟಿಲ್ಲ. ಆ ಹಾನಿಯನ್ನು ತಗ್ಗಿಸುವ ಉಪಾಯಗಳ ಸಮೀಕ್ಷೆ ಈ ಲೇಖನದ ವಿಷಯ.

ಕರ್ನಾಟಕದ ಮಟ್ಟಿಗೆ ಈ ಕಥೆ ವಾಹನಗಳ ಹೊಗೆಯಿಂದ ಶುರುವಾಗುತ್ತದೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಿಂದ ಹೋಂಡಾ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆ ನಡೆಯುತ್ತಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ಮಾನದಂಡಕ್ಕೆ ಹೊಂದುವ ಸ್ಕೂಟರಿನ ಹೊಗೆಕೊಳವೆಯಲ್ಲಿ ಒಂದು ವೇಗವರ್ಧಕ ಪರಿವರ್ತಕ ಇರುತ್ತದೆ. ಇಂಥ ಪರಿವರ್ತಕಗಳಲ್ಲಿ ಪ್ಲಾಟಿನಂ, ಪೆಲಾಡಿಯಂ, ರೋಡಿಯಂಗಳ ಸೂಕ್ಷ್ಮ ಕಣಗಳು ಕಾರ್ಬನ್ ಮಾನಾಕ್ಸೈಡನ್ನೂ ಸಾರಜನಕದ ಆಕ್ಸೈಡುಗಳನ್ನೂ ಅಷ್ಟು ಕೇಡಿಲ್ಲದ ಅನಿಲಗಳಾಗಿ ಮಾರ್ಪಡಿಸುತ್ತವೆ. ಈ ಲೋಹಗಳ ಬೆಲೆ ವಿಪರೀತ. ಅಷ್ಟು ಬೆಲೆ ತೆತ್ತರೂ ಕಣದ ಮೈಮೇಲಿರುವ ಪರಮಾಣುಗಳಿಗೆ ಮಾತ್ರ ಕೆಲಸ. ಒಳಗಿನವು ಸುಮ್ಮನೆ ಕುಳಿತಿರುತ್ತವೆ. 4ರಿಂದ 6 ನ್ಯಾನೋಮೀಟರಿನ ಕಣದಲ್ಲಿ ದುಡಿಯುವುದು ನಾಲ್ಕರಲ್ಲಿ ಅಥವಾ ಐದರಲ್ಲಿ ಒಂದು ಪರಮಾಣು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆ, ಕೆ. ಸಿ. ಪಾಟೀಲ, ಗಿರಿಧರ ಮದ್ರಾಸ್ ಮತ್ತು ಅವರ ಸಹೋದ್ಯೋಗಿಗಳು ಈ ಪೋಲನ್ನು ತಡೆಯಲು ಹೊರಟರು. ಪಾಟೀಲರು 1988ರಲ್ಲಿ ಜೆ. ಜೆ. ಕಿಂಗ್ಸ್‌ಲಿ ಅವರೊಂದಿಗೆ ಪ್ರಕಟಿಸಿದ ದಹನ ಸಂಶ್ಲೇಷಣೆಯ ವಿಧಾನ ಅವರ ಕೈಯಲ್ಲಿತ್ತು. ಲೋಹದ ನೈಟ್ರೇಟನ್ನು ಯೂರಿಯಾದಂಥ ಇಂಧನದೊಡನೆ ನೀರಲ್ಲಿ ಕರಗಿಸಿ ಸುಮಾರು 500 ಡಿಗ್ರಿಯ ಕುಲುಮೆಗಿಟ್ಟರೆ ದ್ರಾವಣ ಕುದಿದು, ನೊರೆಯೆದ್ದು, ಹೊತ್ತಿಕೊಂಡು, ನಿಮಿಷಗಳಲ್ಲಿ ನಯವಾದ ಆಕ್ಸೈಡ್ ಪುಡಿ ಉಳಿಯುತ್ತದೆ. ಸೀರಿಯಂ ಲವಣಕ್ಕೆ ಚಿಟಿಕೆ ಪ್ಲಾಟಿನಂ ಅಥವಾ ಪೆಲಾಡಿಯಂ ಲವಣ ಬೆರೆಸಿ ಹೀಗೆ ಸುಟ್ಟಾಗ ಬೆಲೆಬಾಳುವ ಲೋಹ ಕಣವಾಗಿ ಹೊರಬೀಳಲಿಲ್ಲ. ಅದು ಅಯಾನಾಗಿ ಸೀರಿಯಂ ಆಕ್ಸೈಡಿನ ಹರಳುಜಾಲದೊಳಗೇ, ಸೀರಿಯಂನ ನೂರು ಸ್ಥಾನಗಳಲ್ಲಿ ಒಂದೆರಡನ್ನು ಹಿಡಿದು ಕುಳಿತಿತು. ಪಾರ್ಥಸಾರಥಿ ಬೇರಾ, ಪಾಟೀಲ, ವಿ. ಜಯರಾಮ್, ಜಿ. ಎನ್. ಸುಬ್ಬಣ್ಣ, ಹೆಗ್ಡೆ ಇವರ ಪ್ರಬಂಧ 2000ದಲ್ಲಿ ಬಂತು. ಅಯಾನಿಕ ವೇಗವರ್ಧಕ ಎಂಬ ಹೆಸರಿನಡಿ ಒಟ್ಟು ಕೆಲಸದ ಅವಲೋಕನ 2009ರಲ್ಲಿ. ಚೀನಾದ ದಾಲಿಯನ್‌ನ ಜಾಂಗ್ ತಾವ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡಿನ ಮೇಲೆ ಒಂಟಿ ಪ್ಲಾಟಿನಂ ಪರಮಾಣುಗಳನ್ನು ಕೂರಿಸಿ, 'ಏಕಪರಮಾಣು ವೇಗವರ್ಧನೆ' ಎಂಬ ಮಾತನ್ನು ಜಗತ್ತಿನ ಬಾಯಲ್ಲಿ ನಿಲ್ಲಿಸಿದ್ದು 2011ರಲ್ಲಿ. ಹೆಸರಿಗೆ ಮುನ್ನವೇ ವಸ್ತು ಇತ್ತು ಎನ್ನಲು ಬೆಂಗಳೂರಿನವರಿಗೆ ಹಕ್ಕಿದೆ.

ಆದರೆ ಸಾಕ್ಷ್ಯದ ಬಗೆ ಎರಡೂ ಕಡೆ ಬೇರೆಯಾಗಿತ್ತು. ಬೆಂಗಳೂರಿನ ಕೆಲಸದಲ್ಲಿ ಸೂಕ್ಷ್ಮದರ್ಶಕದ ಪಾತ್ರ ಹೆಚ್ಚಾಗಿ ನಕಾರದ್ದು: ಲೋಹದ ಕಣಗಳು ಕಾಣುತ್ತಿಲ್ಲ, ಆದ್ದರಿಂದ ಲೋಹ ಜಾಲದೊಳಗೆ ಹೊಕ್ಕಿರಬೇಕು. ಆ ಊಹೆಗೆ ಗಟ್ಟಿ ಬೆಂಬಲ ಬಂದದ್ದು ಕ್ಷ-ಕಿರಣ ವಿಧಾನಗಳಿಂದ. ದಾಲಿಯನ್ ಗುಂಪು ಮಾತ್ರ ಹೊಳೆಯುವ ಒಂಟಿ ಚುಕ್ಕಿಗಳ ಚಿತ್ರವನ್ನೇ ಮುಂದಿಟ್ಟಿತು. ನಡುವಿನ ವರ್ಷಗಳಲ್ಲಿ ಉಪಕರಣ ಬದಲಾಗಿತ್ತು.

ಒಂಟಿ ಪರಮಾಣುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊದಲು ಸ್ಪಷ್ಟವಾಗಿ ಕಂಡವರು ಶಿಕಾಗೋದ ಆಲ್ಬರ್ಟ್ ಕ್ರೂ ಮತ್ತು ಸಂಗಡಿಗರು, 1970ರಲ್ಲಿ. ತೆಳು ಇಂಗಾಲದ ಪೊರೆಯ ಮೇಲೆ ಥೋರಿಯಂ, ಯುರೇನಿಯಂ ಪರಮಾಣುಗಳನ್ನಿಟ್ಟು, ಸೂಜಿಮೊನೆಯಂಥ ಪುಂಜವನ್ನು ಸಾಲುಸಾಲಾಗಿ ಹರಿಸಿ, ಚದುರಿದ ಎಲೆಕ್ಟ್ರಾನುಗಳನ್ನು ಅವರು ಎಣಿಸಿದರು. ವೇಗವರ್ಧಕದ ಮೇಲಿನ ಪ್ಲಾಟಿನಂ, ರೋಡಿಯಂ ಪರಮಾಣುಗಳನ್ನು ಪೀಟರ್ ನೆಲಿಸ್ಟ್ ಮತ್ತು ಸ್ಟೀಫನ್ ಪೆನ್ನಿಕುಕ್ 1996ರಲ್ಲಿ ಅಲ್ಯೂಮಿನಾ ಮೇಲೆ ಗುರುತಿಸಿದರು. ಆಮೇಲೆ ಮಸೂರದ ದೋಷ ತಿದ್ದುವ ಸಾಧನಗಳು ಬಂದವು. ಅದಕ್ಕಾಗಿ ಹರಾಲ್ಡ್ ರೋಸ್, ಮ್ಯಾಕ್ಸಿಮಿಲಿಯನ್ ಹೈಡರ್, ಕ್ನೂಟ್ ಉರ್ಬನ್, ಆಂಡ್ರೆ ಕ್ರಿವಾನೆಕ್ ನಾಲ್ವರಿಗೆ 2020ರ ಕಾವ್ಲಿ ಪ್ರಶಸ್ತಿ ಸಂದಿತು. ಇಂದು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 80ರಿಂದ 300 ಕಿಲೋವೋಲ್ಟ್‌ವರೆಗೆ ಓಡುವ ಟೈಟಾನ್ ಯಂತ್ರವೂ, ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮದರ್ಶನ ಸೌಲಭ್ಯದಲ್ಲಿ 60ರಿಂದ 300ರ ಟೈಟಾನ್ ಥೆಮಿಸ್ ಯಂತ್ರವೂ ಇವೆ. ಆ ಕನಿಷ್ಠ ಅಂಕಿಗಳ ಮಹತ್ವ ಮುಂದೆ ತಿಳಿಯುತ್ತದೆ.

ದೋಷ ತಿದ್ದುವ ಸಾಧನ ಪುಂಜವನ್ನು ಒಂದು ಆಂಗ್‌ಸ್ಟ್ರಾಮಿಗಿಂತಲೂ ಚಿಕ್ಕ ಚುಕ್ಕಿಗೆ ಇಳಿಸಿತು. ಜತೆಗೆ ಎಲೆಕ್ಟ್ರಾನುಗಳನ್ನೆಲ್ಲ ಆ ಚುಕ್ಕಿಯಲ್ಲೇ ತುರುಕಿತು. ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 50 ಪಿಕೋಆಂಪಿಯರ್ ಪ್ರವಾಹದ ಪುಂಜ ಒಂದು ಬಿಂದುವಿನ ಮೇಲೆ 10 ಮೈಕ್ರೋಸೆಕೆಂಡ್ ನಿಂತರೆ ಅಲ್ಲಿ ಹಾದುಹೋಗುವುದು ಸುಮಾರು 3,100 ಎಲೆಕ್ಟ್ರಾನ್. ಬಿಂದುಗಳ ನಡುವಿನ ಅಂತರ 0.2 ಆಂಗ್‌ಸ್ಟ್ರಾಮ್ ಎಂದಾದರೆ ಒಂದು ಚದರ ಆಂಗ್‌ಸ್ಟ್ರಾಮಿನಲ್ಲಿ 25 ಬಿಂದುಗಳು, ಅಂದರೆ ಒಂದೇ ಚಿತ್ರಕ್ಕೆ 78,000 ಎಲೆಕ್ಟ್ರಾನ್. ಬೆಂಗಳೂರಿನ ಜಿಕೆವಿಕೆ ಆವರಣದ ರಾಷ್ಟ್ರೀಯ ಕ್ರಯೋ-ಇಎಂ (ಶೈತ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶನ) ಸೌಲಭ್ಯದಲ್ಲಿ ಪ್ರೋಟೀನುಗಳ ಚಿತ್ರ ತೆಗೆಯುವವರು ಚದರ ಆಂಗ್‌ಸ್ಟ್ರಾಮಿಗೆ ನಲವತ್ತು ಐವತ್ತು ಎಲೆಕ್ಟ್ರಾನಿನ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತಾರೆ. ಅದೇ ನಗರದಲ್ಲಿ, ಒಂದೇ ವಂಶದ ಯಂತ್ರಗಳ ಮುಂದೆ ಕುಳಿತ ಇಬ್ಬರು ಬಳಸುವ ಪ್ರಮಾಣಗಳ ನಡುವೆ ಸಾವಿರ ಪಟ್ಟಿಗೂ ಮೀರಿದ ಅಂತರ.

ಹಾನಿ ಎರಡು ಮುಖ್ಯ ದಾರಿಗಳಿಂದ ಬರುತ್ತದೆ. ಮೊದಲನೆಯದು ನೇರ ಡಿಕ್ಕಿ. ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿಗೆ ಬಡಿದು ಹಿಮ್ಮೆಟ್ಟಿದರೆ ಒಂದಿಷ್ಟು ಶಕ್ತಿ ಪರಮಾಣುವಿಗೆ ದಾಟುತ್ತದೆ, ಹಗುರ ಪರಮಾಣುವಿಗೆ ಹೆಚ್ಚು, ಭಾರದ್ದಕ್ಕೆ ಕಡಿಮೆ. 200 ಕಿಲೋವೋಲ್ಟ್ ಪುಂಜ ಇಂಗಾಲದ ಪರಮಾಣುವಿಗೆ ಗರಿಷ್ಠ 44 ಎಲೆಕ್ಟ್ರಾನ್‌ವೋಲ್ಟ್ ಕೊಡಬಲ್ಲದು. 80ಕ್ಕೆ ಇಳಿಸಿದರೆ 16, 60ಕ್ಕೆ ಇಳಿಸಿದರೆ 12. ಗ್ರಾಫೀನ್ ಹಾಳೆಯಿಂದ ಇಂಗಾಲವನ್ನು ಕಿತ್ತೆಸೆಯಲು ಬೇಕಾದದ್ದು 20ರ ಆಸುಪಾಸು. ಆದ್ದರಿಂದ ಇಂಗಾಲದ ಆಧಾರವಿರುವ ಮಾದರಿಗಳನ್ನು 60 ಅಥವಾ 80ರಲ್ಲಿ ನೋಡುವ ರೂಢಿ ಬೆಳೆಯಿತು. ಹಾಳೆಯ ಅಂಚಿನಲ್ಲಿರುವ, ನೈಟ್ರೋಜನ್ ಪಕ್ಕದಲ್ಲಿರುವ ಇಂಗಾಲಕ್ಕೆ ಅಷ್ಟು ಶಕ್ತಿಯೂ ಬೇಡ. ಒಂಟಿ ಲೋಹ ಪರಮಾಣು ಮನೆಮಾಡುವುದು ಇಂಥ ಸಡಿಲ ಜಾಗಗಳಲ್ಲೇ ಎಂಬುದು ತಲೆನೋವು. ಇನ್ನು ಪ್ಲಾಟಿನಂಗೆ 300 ಕಿಲೋವೋಲ್ಟ್‌ನಲ್ಲೂ ಸಿಗುವುದು ಹೆಚ್ಚೆಂದರೆ 4.4 ಎಲೆಕ್ಟ್ರಾನ್‌ವೋಲ್ಟ್. ಲೋಹದ ತುಂಡಿನಿಂದ ಹಾರಿಹೋಗಲು ಅದು ಸಾಲದು. ಆದರೆ ಮೇಲ್ಮೈ ಮೇಲೆ ಒಂದು ನೆಲೆಯಿಂದ ಪಕ್ಕದ ನೆಲೆಗೆ ಜಾರಲು ಒಂದೆರಡು ಎಲೆಕ್ಟ್ರಾನ್‌ವೋಲ್ಟ್ ಧಾರಾಳ.

ಎರಡನೆಯದು ಅಯನೀಕರಣದ ಹಾನಿ. ಇಲ್ಲಿ ಪೆಟ್ಟು ಬೀಳುವುದು ಬಂಧಗಳನ್ನು ಹಿಡಿದಿರುವ ಎಲೆಕ್ಟ್ರಾನುಗಳಿಗೆ. ಲೋಹದಲ್ಲೂ ಗ್ರಾಫೀನಿನಲ್ಲೂ ಕಿತ್ತುಹೋದ ಎಲೆಕ್ಟ್ರಾನಿನ ಜಾಗ ಕ್ಷಣಮಾತ್ರದಲ್ಲಿ ತುಂಬಿಕೊಳ್ಳುತ್ತದೆ, ಪೆಟ್ಟು ಗೊತ್ತಾಗುವುದಿಲ್ಲ. ಜಿಯೋಲೈಟ್, ಲೋಹ-ಸಾವಯವ ಚೌಕಟ್ಟು, ಆಕ್ಸೈಡುಗಳಂಥ ನಿರೋಧಕಗಳಲ್ಲಿ ಬಂಧ ಒಡೆದೇಹೋಗಬಹುದು. ವೋಲ್ಟೇಜ್ ತಗ್ಗಿಸುವ ಉಪಾಯ ಇಲ್ಲಿ ತಿರುಗುಬಾಣ: ನಿಧಾನವಾಗಿ ಹಾದುಹೋಗುವ ಎಲೆಕ್ಟ್ರಾನ್ ಹೆಚ್ಚು ಹೊತ್ತು ಬಂಧಗಳ ಬಳಿ ಸುಳಿಯುವುದರಿಂದ 300ರಿಂದ 80 ಕಿಲೋವೋಲ್ಟ್‌ಗೆ ಇಳಿದಾಗ ಅಯನೀಕರಣ ಎರಡು ಪಟ್ಟಿಗೂ ಮೀರಿ ಏರುತ್ತದೆ. ಇಂಗಾಲಕ್ಕೆ ಔಷಧಿಯಾದದ್ದು ಜಿಯೋಲೈಟಿಗೆ ವಿಷ. 'ಕಡಿಮೆ ವೋಲ್ಟೇಜಿನಲ್ಲಿ ತೆಗೆದ ಚಿತ್ರ, ಆದ್ದರಿಂದ ಹಾನಿಯಿಲ್ಲ' ಎಂಬ ಒಕ್ಕಣೆ ಪ್ರಬಂಧಗಳಲ್ಲಿ ಈಗಲೂ ಕಾಣುತ್ತದೆ. ಆಧಾರ ಯಾವುದೆಂದು ಕೇಳದೆ ಅದನ್ನು ನಂಬುವಂತಿಲ್ಲ. ಪುಂಜದ ಬಿಸಿ, ನಿರೋಧಕದ ಮೇಲೆ ಕೂಡುವ ವಿದ್ಯುದಾವೇಶ, ಮಾದರಿಯ ಮೇಲಿನ ಹೈಡ್ರೋಕಾರ್ಬನ್ ಕೊಳೆ ಪುಂಜದ ಸುತ್ತ ಗಟ್ಟಿಯಾಗಿ ಮೆತ್ತಿಕೊಳ್ಳುವುದು, ಇವೂ ಉಂಟು.

ಇಂಗಾಲದ ವಿಷಯದಲ್ಲಿ ಒಳ್ಳೆಯ ಉದಾಹರಣೆ ಎಂದರೆ ಇಂಧನಕೋಶಗಳಿಗಾಗಿ ತಯಾರಾದ ಕಬ್ಬಿಣ-ನೈಟ್ರೋಜನ್-ಇಂಗಾಲ ವೇಗವರ್ಧಕದ ಚಿತ್ರ. ಅಮೆರಿಕದ ಲಾಸ್ ಅಲಾಮೋಸ್ ಮತ್ತು ಓಕ್ ರಿಡ್ಜ್ ಪ್ರಯೋಗಾಲಯಗಳವರು 2017ರಲ್ಲಿ 60 ಕಿಲೋವೋಲ್ಟ್ ಪುಂಜದಿಂದ ಒಂಟಿ ಕಬ್ಬಿಣ ಪರಮಾಣುವನ್ನು ಕಂಡರು. ಅದರ ನೆರೆಯಲ್ಲಿ ನೈಟ್ರೋಜನ್ ಇದೆ ಎಂಬುದನ್ನು ಎಲೆಕ್ಟ್ರಾನುಗಳ ಶಕ್ತಿನಷ್ಟವನ್ನು ಅಳೆದು ತೋರಿಸಿದರು. ವಿಯೆನ್ನಾದ ತೋಮಾ ಸೂಸಿ ಮತ್ತು ಜತೆಗಾರರು ಇದೇ 60 ಕಿಲೋವೋಲ್ಟ್‌ನಲ್ಲಿ ಗ್ರಾಫೀನಿನೊಳಗಿನ ಸಿಲಿಕಾನ್ ಪರಮಾಣುವನ್ನು ತಮಗೆ ಬೇಕಾದ ಕಡೆಗೆ ಹೆಜ್ಜೆಹೆಜ್ಜೆಯಾಗಿ ನಡೆಸಿದ್ದೂ ಇದೆ. ಒಬ್ಬರ ಹಾನಿ ಇನ್ನೊಬ್ಬರ ಉಪಕರಣ.

ವೋಲ್ಟೇಜ್ ಆಯ್ದ ಮೇಲೆ ಉಳಿಯುವುದು ಎಲೆಕ್ಟ್ರಾನುಗಳ ಸಂಖ್ಯೆ. ಅದನ್ನು ಸುಮ್ಮನೆ ಕಡಿಮೆ ಮಾಡುವಂತಿಲ್ಲ. ಎಲೆಕ್ಟ್ರಾನುಗಳು ಯಾದೃಚ್ಛಿಕವಾಗಿ ಬೀಳುವುದರಿಂದ ಸಂಕೇತದ ಶುದ್ಧತೆ ಸಂಖ್ಯೆಯ ವರ್ಗಮೂಲದಷ್ಟೇ ಬೆಳೆಯುತ್ತದೆ. ನಾಲ್ಕನೆಯ ಒಂದು ಪಾಲಿಗೆ ಇಳಿಸಿದರೆ ಶುದ್ಧತೆ ಅರ್ಧಕ್ಕೆ ಕುಸಿದು, ಒಂಟಿ ಪರಮಾಣು ಗದ್ದಲದ ಚುಕ್ಕಿಗಳಲ್ಲಿ ಮುಳುಗುತ್ತದೆ. ಇಲ್ಲಿ ದಾರಿ ತೋರಿದವರು ಜೀವಶಾಸ್ತ್ರದ ಕಡೆಯವರು. ರಿಚರ್ಡ್ ಹೆಂಡರ್ಸನ್ ಮತ್ತು ನೈಜೆಲ್ ಅನ್ವಿನ್ 1975ರಲ್ಲಿ ನೇರಳೆ ಪೊರೆಯ ಪ್ರೋಟೀನನ್ನು ನೋಡಿದಾಗ ಚದರ ಆಂಗ್‌ಸ್ಟ್ರಾಮಿಗೆ ಒಂದಕ್ಕೂ ಕಡಿಮೆ ಎಲೆಕ್ಟ್ರಾನ್ ಬಳಸಿ, ಸಾವಿರಾರು ಅಣುಗಳ ಸರಾಸರಿ ತೆಗೆದರು. ವೇಗವರ್ಧಕದವರಿಗೆ ಈ ಸೌಕರ್ಯ ಪೂರ್ತಿ ಇಲ್ಲ, ಏಕೆಂದರೆ ಒಂದು ಒಂಟಿ ಪರಮಾಣುವಿನ ನೆರೆ ಇನ್ನೊಂದರಂತೆ ಇರುವುದಿಲ್ಲ. ಅವರು ಕಲಿತದ್ದು ಶಿಸ್ತನ್ನು. ಫೋಕಸ್ ಸರಿಪಡಿಸುವ ಕೆಲಸವನ್ನೆಲ್ಲ ಪಕ್ಕದ ಜಾಗದಲ್ಲಿ ಮುಗಿಸಿ, ಚಿತ್ರಕ್ಕೆ ಮಾತ್ರ ಪುಂಜ ಕಾಣದ ತಾಜಾ ಜಾಗಕ್ಕೆ ಸರಿಯುವುದು ಅದರಲ್ಲಿ ಮೊದಲನೆಯ ಪಾಠ. ಇದಕ್ಕೆ ಕಾಸಿನ ಖರ್ಚಿಲ್ಲ. ಕೋಟ್ಯಂತರ ರೂಪಾಯಿಯ ಯಂತ್ರಗಳ ಮುಂದೆ ಹೆಚ್ಚಾಗಿ ಮರೆತುಹೋಗುವುದೂ ಇದೇ.

ಮುಂದಿನ ಹೆಜ್ಜೆ, ಒಂದು ನಿಧಾನದ ಚಿತ್ರದ ಬದಲು ಹತ್ತಾರು ಚುರುಕು ಚಿತ್ರಗಳನ್ನು ತೆಗೆದು, ಮಾದರಿಯ ಸರಿದಾಟವನ್ನು ಗಣಕದಲ್ಲಿ ತಿದ್ದಿ, ಒಂದರ ಮೇಲೊಂದು ಕೂಡಿಸುವುದು. ಡಬ್ಲಿನ್ನಿನ ಲೂಯಿಸ್ ಜೋನ್ಸ್ ಮತ್ತಿತರರು ಇದಕ್ಕೆ ಬೇಕಾದ ಗಣನಕ್ರಮಗಳನ್ನು ಬೆಳೆಸಿದ್ದಾರೆ. ಒಟ್ಟು ಎಲೆಕ್ಟ್ರಾನ್ ಅಷ್ಟೇ ಇದ್ದರೂ ಹಾನಿ ಕಡಿಮೆಯಾಗುವುದು ಹಲವು ಮಾದರಿಗಳಲ್ಲಿ ಕಂಡಿದೆ. ಕೋಲಾರದ ಕೆರೆಗಳ ನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ: ಒಂದೇ ರಾತ್ರಿ ಸುರಿದು ಏರಿ ಒಡೆಯುವಷ್ಟು ಮಳೆ ಹದಿನೈದು ದಿನಕ್ಕೆ ಹಂಚಿ ಬಂದರೆ ರಾಗಿಗೆ ಹದ. ಎರಡು ಪೆಟ್ಟುಗಳ ನಡುವೆ ಬಿಡುವು ಸಿಕ್ಕರೆ ಆವೇಶ ಸೋರಿಹೋಗುತ್ತದೆ, ಕದಲಿದ ಪರಮಾಣು ಕೆಲವೊಮ್ಮೆ ಸ್ವಸ್ಥಾನಕ್ಕೆ ಮರಳುತ್ತದೆ. ಆಂಟ್‌ವರ್ಪ್‌ನ ಸಂಶೋಧಕರು ಇನ್ನೂ ಮುಂದೆ ಹೋಗಿ, ಪಕ್ಕಪಕ್ಕದ ಬಿಂದುಗಳನ್ನು ಸಾಲಾಗಿ ಮುಟ್ಟುವ ಬದಲು ಬಿಟ್ಟುಬಿಟ್ಟು ಮುಟ್ಟುವ ಹೆಣಿಗೆಯಲ್ಲಿ ಪುಂಜ ಓಡಿಸಿ, ಜಿಯೋಲೈಟಿನ ಹಾನಿ ತಗ್ಗುವುದನ್ನು 2022ರಲ್ಲಿ ವರದಿ ಮಾಡಿದರು. ಇದಲ್ಲದೆ ಬೇಕಾದಷ್ಟು ಸಂಕೇತ ಸಿಕ್ಕೊಡನೆ ಆ ಬಿಂದುವಿನಲ್ಲಿ ಪುಂಜವನ್ನು ತಟ್ಟನೆ ಮುಚ್ಚಿಬಿಡುವ ವ್ಯವಸ್ಥೆಯೂ ಬಂದಿದೆ. ಭಾರ ಪರಮಾಣುವಿನ ಮೇಲೆ ಎಣಿಕೆ ಬೇಗ ತುಂಬುವುದರಿಂದ ಅದರ ಮೇಲಿನ ಪೆಟ್ಟು ತಾನಾಗಿ ಮೊಟಕಾಗುತ್ತದೆ.

ಪತ್ತೆಕಾರಕವನ್ನು ಸುಧಾರಿಸುವುದು ಬೇರೊಂದು ದಾರಿ. ರೂಢಿಯ ಉಂಗುರಾಕಾರದ ಪತ್ತೆಕಾರಕ ಬಹುದೂರ ಚದುರಿದ ಎಲೆಕ್ಟ್ರಾನುಗಳನ್ನಷ್ಟೇ ಹಿಡಿದು ಉಳಿದದ್ದನ್ನು ಚೆಲ್ಲುತ್ತದೆ. ಚದುರಿಕೆಯ ಇಡೀ ವಿನ್ಯಾಸವನ್ನು ಪ್ರತಿ ಬಿಂದುವಿನಲ್ಲೂ ದಾಖಲಿಸಿ ಚಿತ್ರವನ್ನು ಲೆಕ್ಕದಿಂದ ಕಟ್ಟುವ ಟೈಕೋಗ್ರಫಿಯಲ್ಲಿ ಪೋಲು ಕಡಿಮೆ. ಕಾರ್ನೆಲ್‌ನ ಡೇವಿಡ್ ಮುಲ್ಲರ್ ಗುಂಪು 2018ರಲ್ಲಿ 80 ಕಿಲೋವೋಲ್ಟ್‌ನಲ್ಲೇ 0.39 ಆಂಗ್‌ಸ್ಟ್ರಾಮಿನ ವಿವರ ತೆಗೆದದ್ದು ಈ ವಿಧಾನದಿಂದ. ಜಿಯೋಲೈಟಿನ ಚೌಕಟ್ಟಿನ ಆಮ್ಲಜನಕವನ್ನೂ ಒಳಗಿನ ಲೋಹವನ್ನೂ ಒಟ್ಟಿಗೆ ನೋಡಲು ಇದರ ಸರಳ ಸೋದರಿಯಾದ ಕಲಾಭೇದ ವಿಧಾನ ಈಗ ಬಳಕೆಯಲ್ಲಿದೆ. ನರಜಾಲದ ತಂತ್ರಾಂಶಗಳು ಗದ್ದಲವನ್ನು ಒರೆಸಿಕೊಡುತ್ತವೆ, ನಿಜ. ಆದರೆ ಕಲಿತ ಮಾದರಿಗಳಲ್ಲಿ ಪರಮಾಣು ಇದ್ದ ಕಡೆ ಇಲ್ಲೂ ಒಂದನ್ನು ಬರೆದುಬಿಡುವ ಚಾಳಿ ಅವಕ್ಕಿದೆ. ಒಂದೊಂದು ಚುಕ್ಕಿಯೂ ಸಾಕ್ಷಿಯಾಗುವ ಈ ವಿಷಯದಲ್ಲಿ ಮೂಲ ಚಿತ್ರವನ್ನು ಪಕ್ಕದಲ್ಲೇ ಅಚ್ಚು ಹಾಕದಿದ್ದರೆ ಒರೆಸಿದ ಚಿತ್ರಕ್ಕೆ ಬೆಲೆ ಕಡಿಮೆ.

ಮಾದರಿಯ ಕಡೆಯಿಂದಲೂ ಕೆಲವು ಜಾಗ್ರತೆಗಳಿವೆ. ದ್ರವ ಸಾರಜನಕದಿಂದ ತಣಿಸಿದರೆ ಒಡೆದ ಚೂರುಗಳ ಓಡಾಟ ನಿಧಾನವಾಗುತ್ತದೆ, ನೇರ ಡಿಕ್ಕಿ ಮಾತ್ರ ಹಾಗೇ ಇರುತ್ತದೆ. ತಣ್ಣನೆಯ ಮೈಮೇಲೆ ನೀರಾವಿ ಮಂಜಾಗುವ ಕಾಟ ಬೇರೆ. ಗ್ರಾಫೀನ್ ಹಾಳೆಗಳ ನಡುವೆ ಮಾದರಿಯನ್ನು ಇಡುವುದರಿಂದ ಆವೇಶ ಹರಿದುಹೋಗುತ್ತದೆ, ಕಿತ್ತ ಪರಮಾಣು ಹೊರಗೆ ಹಾರುವುದಿಲ್ಲ. ಮ್ಯಾಂಚೆಸ್ಟರ್‌ನವರು 2013ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡಿನ ಮೇಲೆ ಇದನ್ನು ತೋರಿಸಿದರು. ಕೊಳೆ ತೆಗೆಯಲು ಆಮ್ಲಜನಕದ ಪ್ಲಾಸ್ಮಾ ಹಾಯಿಸುವ ಅಭ್ಯಾಸ ಇಂಗಾಲದ ಆಧಾರಕ್ಕೆ ಅಪಾಯ. ನಿರ್ವಾತದಲ್ಲಿ ಹದವಾಗಿ ಬಿಸಿಮಾಡುವುದು ಮೇಲು, ಆ ಬಿಸಿಗೆ ಲೋಹ ಗುಂಪುಗೂಡುವುದಿಲ್ಲ ಎಂದು ಮೊದಲೇ ಖಾತ್ರಿಯಿದ್ದರೆ.

ಈ ಎಲ್ಲ ಉಪಾಯಗಳನ್ನೂ ಒಟ್ಟಿಗೆ ಕಾಡುವ ವಸ್ತು ಬೆಂಗಳೂರಿನವರು ಆರಿಸಿಕೊಂಡ ಸೀರಿಯಂ ಆಕ್ಸೈಡ್, ಅಂದರೆ ಸೀರಿಯಾ. ಉಂಗುರ ಪತ್ತೆಕಾರಕದಲ್ಲಿ ಪರಮಾಣುವಿನ ಹೊಳಪು ಅದರ ಪರಮಾಣು ಸಂಖ್ಯೆಯ ಸುಮಾರು 1.7ನೆಯ ಘಾತದಂತೆ ಏರುತ್ತದೆ. ಇಂಗಾಲದ ಸಂಖ್ಯೆ 6, ಪೆಲಾಡಿಯಂದು 46. ಇಂಗಾಲದ ಪರಮಾಣುವಿಗಿಂತ ಪೆಲಾಡಿಯಂ ಮೂವತ್ತು ಪಟ್ಟು ಹೊಳೆಯುತ್ತದೆ. ಸೀರಿಯಂನದು 58. ಅದರ ಸಾಲಿನಲ್ಲಿ ಕುಳಿತ ಪೆಲಾಡಿಯಂ ಹೊಳೆಯುವ ಬದಲು ಒಂದಿಷ್ಟು ಮಂಕಾಗಿ, ಸೀರಿಯಂ ತಪ್ಪಿದ ಖಾಲಿ ಜಾಗದಂತೆ ತೋರಬಹುದು. 78ರ ಪ್ಲಾಟಿನಂ ತಕ್ಕಮಟ್ಟಿಗೆ ಮೇಲೇಳುತ್ತದೆ. ಅಭಯ ದಾತ್ಯೆ ಮತ್ತು ಸಂಗಡಿಗರು 2016ರಲ್ಲಿ 800 ಡಿಗ್ರಿಯ ಗಾಳಿಯಲ್ಲೂ ಸೀರಿಯಾ ಮೇಲೆ ಒಂಟಿಯಾಗಿ ಉಳಿಯುವ ಪ್ಲಾಟಿನಂ ಪರಮಾಣುಗಳನ್ನು ತೋರಿಸಿದರು. ಸುಲಭವಾಗಿ ಕಾಣುವ ಲೋಹ ಬೇಕೆಂದರೆ 79ರ ಚಿನ್ನ. ಯಾವುದಕ್ಕೂ ಕೂಡದ ಜಡ ಎಂದೇ ಹೆಸರಾಗಿದ್ದ ಆ ಲೋಹ ನ್ಯಾನೋಕಣವಾದಾಗ ಚುರುಕಾಗುತ್ತದೆಂದು ಜಪಾನಿನ ಮಸತಾಕೆ ಹರುತ 1987ರಲ್ಲಿ ತೋರಿಸಿದರು, ಕೋಲಾರದ ಗಣಿಗಳು ಮುಚ್ಚುವ ಹದಿನಾಲ್ಕು ವರ್ಷ ಮೊದಲು.

ಸೀರಿಯಾದ ಇನ್ನೊಂದು ತೊಡಕು ಆಮ್ಲಜನಕ. ಹೊಗೆಕೊಳವೆಯಲ್ಲಿ ಅದರ ಉಪಯೋಗವಿರುವುದೇ ಆಮ್ಲಜನಕವನ್ನು ಸಲೀಸಾಗಿ ಕೊಟ್ಟು ತೆಗೆದುಕೊಳ್ಳುವ ಗುಣದಲ್ಲಿ. ಸೂಕ್ಷ್ಮದರ್ಶಕದ ನಿರ್ವಾತದಲ್ಲಿ ಪುಂಜ ಬಿದ್ದಾಗಲೂ ಅದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ನಾಲ್ಕು ಆವೇಶದ ಸೀರಿಯಂ ಮೂರು ಆವೇಶಕ್ಕೆ ಇಳಿಯುತ್ತದೆ. ಗಾರ್ವೀ ಮತ್ತು ಬ್ಯೂಸೆಕ್ 1999ರಲ್ಲಿ ಇದನ್ನು ಶಕ್ತಿನಷ್ಟದ ರೋಹಿತದಲ್ಲಿ ಅಳೆದರು. ಪೆಲಾಡಿಯಂ ಅಯಾನನ್ನು ಹಿಡಿದಿಟ್ಟಿರುವ ಆಮ್ಲಜನಕವೇ ಹೊರಟರೆ ಅದು ಲೋಹವಾಗಿ ಬೇರ್ಪಟ್ಟು ಗುಂಪುಗೂಡುವ ದಾರಿ ತೆರೆಯುತ್ತದೆ. ಆಗ ನೋಡಿದವರು 'ಇದು ಅಯಾನಿಕ ವೇಗವರ್ಧಕವಲ್ಲ, ಕಣಗಳಿವೆಯಲ್ಲ' ಎಂದರೆ ಚಿತ್ರವೂ ಸುಳ್ಳಲ್ಲ, ತೀರ್ಮಾನ ಮಾತ್ರ ತಪ್ಪು. ಹಾಗೆ ನೋಡಿದರೆ ಬೆಂಗಳೂರಿನ ಪ್ರಬಂಧಗಳು ಸೂಕ್ಷ್ಮದರ್ಶಕದ ಮೇಲೆ ಇಡೀ ಭಾರ ಹೊರಿಸದೆ ಕ್ಷ-ಕಿರಣ ದ್ಯುತಿಎಲೆಕ್ಟ್ರಾನ್ ರೋಹಿತ, ಕ್ಷ-ಕಿರಣ ಹೀರಿಕೆಗಳತ್ತ ಹೋದದ್ದು ಆ ಕಾಲದ ಉಪಕರಣಗಳ ಮಿತಿಯಷ್ಟೇ ಆಗಿರಲಿಲ್ಲ. ಈ ವಸ್ತುವಿಗೆ ತಕ್ಕ ಆಯ್ಕೆಯೂ ಆಗಿತ್ತು.

ಕ್ಷ-ಕಿರಣ ಹೀರಿಕೆ ಮಾದರಿಯ ಕೋಟಿಕೋಟಿ ಪರಮಾಣುಗಳ ಸರಾಸರಿ ನೆರೆಯನ್ನು ಹೇಳುತ್ತದೆ: ಪ್ಲಾಟಿನಂ ಪಕ್ಕದಲ್ಲಿ ಪ್ಲಾಟಿನಂ ಇದೆಯೋ ಇಲ್ಲವೋ ಎಂಬುದನ್ನು. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್, ಜಕ್ಕೂರಿನ ಕೇಂದ್ರದ ಮೂಲಕ ಭಾರತೀಯರಿಗೆ ತೆರೆದಿರುವ ಹ್ಯಾಂಬರ್ಗಿನ ಪೆಟ್ರಾ-3 ಇದಕ್ಕೆ ಒದಗುತ್ತವೆ. ಅಸಿಟಿಲೀನಿನಿಂದ ವಿನೈಲ್ ಕ್ಲೋರೈಡ್ ತಯಾರಿಸುವ ಚಿನ್ನ-ಇಂಗಾಲ ವೇಗವರ್ಧಕದಲ್ಲಿ ದುಡಿಯುವುದು ಒಂಟಿ ಚಿನ್ನದ ಅಯಾನುಗಳೇ ಎಂದು ಕಾರ್ಡಿಫ್‌ನ ಗ್ರಹಾಂ ಹಚಿಂಗ್ಸ್ ಮತ್ತು ಸಂಗಡಿಗರು 2017ರಲ್ಲಿ ನಿರ್ಧರಿಸಿದ್ದು ಕ್ರಿಯೆ ನಡೆಯುತ್ತಿರುವಾಗಲೇ ತೆಗೆದ ಇಂಥ ಅಳತೆಯಿಂದ. ಸರಾಸರಿಯ ದೋಷವೂ ಗೊತ್ತಿರಬೇಕು. ನೂರರಲ್ಲಿ ಐದು ಪರಮಾಣು ಗುಂಪುಗೂಡಿದ್ದರೆ ಅದು ಸರಾಸರಿಯಲ್ಲಿ ಅಡಗಿಹೋಗುತ್ತದೆ. ಆ ಐದನ್ನು ಹುಡುಕಲು ಸೂಕ್ಷ್ಮದರ್ಶಕವೇ ಬೇಕು.

ಚಿತ್ರದ ಕೆಳಗೆ ವೋಲ್ಟೇಜ್ ಬರೆಯುವುದು ಎಲ್ಲ ಕಡೆ ವಾಡಿಕೆ. ಪ್ರವಾಹ, ಬಿಂದುವಿನ ಮೇಲಿನ ಕಾಲ, ಬಿಂದುಗಳ ಅಂತರ, ಅದಕ್ಕೂ ಮೊದಲು ಆ ಜಾಗ ಎಷ್ಟು ಪುಂಜ ಉಂಡಿತ್ತು ಎಂಬ ವಿವರ ಬಹಳ ಪ್ರಬಂಧಗಳಲ್ಲಿ ಸಿಗುವುದಿಲ್ಲ. ಅದಿದ್ದರೆ ಓದುಗನೇ ಮೇಲಿನ 78,000ದಂಥ ಲೆಕ್ಕ ಹಾಕಿಕೊಳ್ಳಬಹುದು. ಒಂದೇ ಜಾಗದ ಮೊದಲನೆಯ ಮತ್ತು ಹತ್ತನೆಯ ಚಿತ್ರಗಳನ್ನು ಜತೆಗಿಟ್ಟರೆ ಇನ್ನೂ ಒಳ್ಳೆಯದು. ಚುಕ್ಕಿಗಳು ಎಷ್ಟು ಅಲೆದಾಡಿದವು ಎಂಬುದು ಆಗ ಬಯಲಾಗುತ್ತದೆ.

ಈಚೆಗೆ ಕೆಲಸ ನಿರ್ವಾತದಿಂದ ಅನಿಲದತ್ತ ಹೊರಳಿದೆ. ಸ್ಕೂಟರಿನ ಪರಿವರ್ತಕ ದುಡಿಯುವುದು ನೂರಾರು ಡಿಗ್ರಿಯ ಬಿಸಿಹೊಗೆಯಲ್ಲಿ. ಅದೇ ಸ್ಥಿತಿಯಲ್ಲಿ ಪರಮಾಣುಗಳನ್ನು ನೋಡಲು ತೆಳು ಕಿಟಕಿಗಳ ಪುಟ್ಟ ಅನಿಲಕೋಶವನ್ನು ಸೂಕ್ಷ್ಮದರ್ಶಕದೊಳಗೆ ಇಡುತ್ತಾರೆ. ಅಲ್ಲಿ ಪುಂಜ ಅನಿಲವನ್ನೂ ಅಯನೀಕರಿಸುತ್ತದೆ. ಒಡೆದ ಆಮ್ಲಜನಕ ಕುಲುಮೆಯ ಆಮ್ಲಜನಕಕ್ಕಿಂತ ಹೆಚ್ಚು ಉಗ್ರವಾಗಿ ವರ್ತಿಸುವುದರಿಂದ ವೇಗವರ್ಧಕ ತನ್ನ ಕೆಲಸ ಮಾಡುತ್ತಿದೆಯೋ, ಪುಂಜವೇ ಮಾಡಿಸುತ್ತಿದೆಯೋ ಹೇಳುವುದು ಕಷ್ಟ. ಸದ್ಯಕ್ಕಿರುವ ಪರೀಕ್ಷೆ ಸರಳ: ಅದೇ ಬಿಸಿ, ಅದೇ ಅನಿಲ, ಅಷ್ಟೇ ಹೊತ್ತು, ಆದರೆ ಪುಂಜವನ್ನು ಮುಚ್ಚಿಟ್ಟು ಕಾಯಬೇಕು, ಆಮೇಲೆ ಪುಂಜ ಎಂದೂ ತಾಗದ ಪಕ್ಕದ ಜಾಗದ ಒಂದೇ ಒಂದು ಚಿತ್ರ ತೆಗೆದು ಮೊದಲಿನದರೊಡನೆ ಹೋಲಿಸಬೇಕು.